ಮನೆ ಮಾರುವವರಿಗೆ ಒಬ್ಬ ಒಳ್ಳೆಯ ಏಜೆಂಟ್ ಏಕೆ ಬೇಕು

(ಬೆಂಗಳೂರು ದಕ್ಷಿಣ ಭಾಗದ ಹಿರಿಯ ನಾಗರಿಕರ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕ್ರಯಪತ್ರ ಬರೆಯುವ ವಕೀಲ. ಮನೆ ಮಾರಿಸುವುದು ನನ್ನ ಕಸುಬಲ್ಲ, ಅದರ ಕಮಿಷನ್ನಿನಲ್ಲಿ ನನಗೆ ಪಾಲೂ ಇಲ್ಲ. ಆದರೂ ಇವತ್ತು ಏಜೆಂಟರ ಪರವಾಗಿ ಮಾತಾಡಲು ನಿಂತಿದ್ದೇನೆ. ವ್ಯಾಪಾರದ ಕೊನೆಯ ಹಂತದಲ್ಲಿ ಕಾಗದಪತ್ರಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಒಳ್ಳೆಯ ಏಜೆಂಟ್ ನಡೆಸಿಕೊಟ್ಟ ವ್ಯಾಪಾರ ಯಾವುದು, ಮಾಲೀಕರೇ ಒಬ್ಬಂಟಿಯಾಗಿ ಓಡಾಡಿ ಕುದುರಿಸಿದ್ದು ಯಾವುದು ಅನ್ನುವುದು ಫೈಲಿನ ನಾಲ್ಕು ಹಾಳೆ ತಿರುವಿದರೆ ಗೊತ್ತಾಗುತ್ತದೆ. ಅಡ್ವಾನ್ಸ್ ಆಗಿ, ರಿಜಿಸ್ಟ್ರೇಷನ್ ಆಗದೆ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ನನ್ನ ಹತ್ತಿರ ಬರುವವರಲ್ಲಿ ಈ ಎರಡನೆಯ ಗುಂಪಿನವರೇ ಹೆಚ್ಚು.

"ಬ್ರೋಕರ್ ಅಂದ್ರೆ ಗಿರಾಕಿ ಕರ್ಕೊಂಡು ಬರೋನು. ಈಗ ಗಿರಾಕಿ ಫೋನಲ್ಲೇ ಸಿಗ್ತಾರೆ, ಮತ್ತೆ ಅವನಿಗ್ಯಾಕೆ ಲಕ್ಷಗಟ್ಟಲೆ ಕೊಡ್ಬೇಕು?" ಇದು ನಾನು ಸದಾ ಕೇಳುವ ಮಾತು. ಅದರ ಮೊದಲರ್ಧ ನಿಜ. ಈ ಹೊತ್ತು ಜಾಹೀರಾತು ಹಾಕಿದರೆ ಸಂಜೆಯೊಳಗೆ ಫೋನ್ ಬರುತ್ತದೆ. ಗಿರಾಕಿ ಸಿಗುವುದು ಕಷ್ಟವಲ್ಲ. ಸಿಕ್ಕ ಗಿರಾಕಿಯನ್ನು ಮಾತುಕತೆಯಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯ ತನಕ, ವ್ಯಾಪಾರ ಕೆಡದಂತೆ ಕರೆದುಕೊಂಡು ಹೋಗುವುದು ಕಷ್ಟ. ಏಜೆಂಟರಿಗೆ ದುಡ್ಡು ಕೊಡಬೇಕಾದದ್ದು ಈ ಕೆಲಸಕ್ಕೆ.

ಇಲ್ಲಿ ಕೂತಿರುವ ಬಹಳ ಜನರ ಮನೆ ಜಯನಗರ, ಬನಶಂಕರಿ, ಪದ್ಮನಾಭನಗರದ ಕಡೆ ಇವೆ. ಮೂವತ್ತು-ನಲವತ್ತು, ನಲವತ್ತು-ಅರವತ್ತರ ಸೈಟುಗಳಲ್ಲಿ ಸಾಲ ಮಾಡಿ, ಒಂದೊಂದು ಕೋಣೆಯಾಗಿ ಕಟ್ಟಿಸಿದ ಮನೆಗಳು. ಈಗ ಮೆಟ್ಟಿಲು ಹತ್ತಲಾಗುವುದಿಲ್ಲ, ಮಕ್ಕಳು ದೂರ, ಲಿಫ್ಟ್ ಇರುವ ಚಿಕ್ಕ ಫ್ಲಾಟ್ ಸಾಕು ಅನ್ನಿಸಿದೆ. ನಿಮ್ಮಲ್ಲಿ ಹೆಚ್ಚಿನವರು ಜೀವನದಲ್ಲಿ ಒಂದೇ ಸಲ ಮನೆ ಮಾರುತ್ತೀರಿ. ಎದುರು ಕೂತು ಚೌಕಾಸಿ ಮಾಡುವವರು ಎಷ್ಟೋ ಸಲ ಸಣ್ಣ ಬಿಲ್ಡರುಗಳು. ಹಳೆ ಮನೆ ಕೊಂಡು, ಕೆಡವಿ, ನಾಲ್ಕು ಮಹಡಿ ಎಬ್ಬಿಸುವುದೇ ಅವರ ದಂಧೆ. ಅವರು ವರ್ಷವಿಡೀ ಇದೇ ಮಾತುಕತೆ ಆಡುತ್ತಿರುತ್ತಾರೆ. ನಿಮ್ಮ ಪಕ್ಕದಲ್ಲೂ ವರ್ಷವಿಡೀ ಇದೇ ಕೆಲಸ ಮಾಡುವವರು ಒಬ್ಬರು ಇರಬೇಡವೇ?

ಮೊದಲು ಬೆಲೆಯ ವಿಷಯ. ನೀವು ಪೇಪರಿನಲ್ಲಿ, ಫೋನಿನಲ್ಲಿ ನೋಡುವುದು ಜನ ಕೇಳುವ ಬೆಲೆ. ಆಗುವ ಬೆಲೆ ಬೇರೆ. ಸರ್ಕಾರದ ಮಾರ್ಗಸೂಚಿ ದರ ಇನ್ನೊಂದು. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇರುವುದು, ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಪೇಟೆ ಬೆಲೆಗಿಂತ ಕೆಳಗೇ ಇದೆ. ನಿಮ್ಮ ಹಿಂದಿನ ಕ್ರಾಸಿನಲ್ಲಿ ಹೋದ ಶ್ರಾವಣದಲ್ಲಿ ಮಾರಾಟವಾದ ಮನೆಗೆ ನಿಜಕ್ಕೂ ಎಷ್ಟು ಕೈ ಬದಲಾಯಿತು ಅನ್ನುವುದು ಆ ವ್ಯಾಪಾರ ಮಾಡಿಸಿದ ಏಜೆಂಟರಿಗೆ ಗೊತ್ತು. ರಸ್ತೆ ಮೂವತ್ತಡಿಯೋ ನಲವತ್ತಡಿಯೋ, ಮೂಲೆ ಸೈಟೋ, ಎದುರಿನಿಂದ ರಸ್ತೆ ಬಂದು ಬಡಿಯುತ್ತದೋ, ದಕ್ಷಿಣದ ಬಾಗಿಲೋ, ಇವುಗಳಿಗೆ ಅಡಿ ಲೆಕ್ಕದಲ್ಲಿ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅಂತಲೂ ಅವರಿಗೆ ಅಂದಾಜಿರುತ್ತದೆ. ನಿಮಗೆ ವಾಸ್ತುವಿನಲ್ಲಿ ನಂಬಿಕೆ ಇರಲಿ ಬಿಡಲಿ, ಕೊಳ್ಳುವವರಲ್ಲಿ ಬಹಳ ಜನಕ್ಕೆ ಇದೆ.

ಒಂದು ಲೆಕ್ಕ ಹೇಳುತ್ತೇನೆ. ಮೂವತ್ತು-ನಲವತ್ತು ಅಂದರೆ 1,200 ಚದರಡಿ. ಅಡಿಗೆ 15,000 ಅಂತ ಇಟ್ಟುಕೊಳ್ಳಿ, 1 ಕೋಟಿ 80 ಲಕ್ಷ ಆಯಿತು. ಶೇಕಡಾ 1 ಕಮಿಷನ್ ಅಂದರೆ 1 ಲಕ್ಷ 80 ಸಾವಿರ. ಬೆಲೆ ತಿಳಿಯದೆ ಅಡಿಗೆ ಒಂದು ಸಾವಿರ ಕಡಿಮೆಗೆ ಒಪ್ಪಿಕೊಂಡರೆ ಹೋಗುವುದು 12 ಲಕ್ಷ. ಅಡಿಗೆ ಎರಡು ಸಾವಿರ ಹೆಚ್ಚಿಟ್ಟು ಕೂತರೂ ಕಷ್ಟವೇ. ಜಾಹೀರಾತು ಹೊರಬಿದ್ದ ಮೊದಲ ಕೆಲವು ವಾರ ಬಂದು ನೋಡುವವರೇ ನಿಜವಾದ ಗಿರಾಕಿಗಳು. ಆರು ತಿಂಗಳು ಕಳೆದ ಮೇಲೆ "ಇನ್ನೂ ಯಾಕೆ ಹೋಗಿಲ್ಲ, ಏನೋ ತಕರಾರು ಇರ್ಬೇಕು" ಅನ್ನುವ ಮಾತು ಹುಟ್ಟುತ್ತದೆ. ಆಮೇಲೆ ಎಷ್ಟು ಇಳಿಸಿದರೂ ಇನ್ನಷ್ಟು ಇಳಿಸಲಿ ಅಂತ ಕಾಯುತ್ತಾರೆ. ಆಷಾಢಕ್ಕೆ, ಪಿತೃಪಕ್ಷಕ್ಕೆ ಎರಡು ವಾರ ಮುಂಚೆ ಜಾಹೀರಾತು ಹಾಕಬೇಡಿ ಅಂತ ಹೇಳುವ ಏಜೆಂಟ್ ಸಿಕ್ಕರೆ, ಅವರಿಗೆ ಈ ಊರಿನ ನಾಡಿ ಗೊತ್ತು ಅಂತ ತಿಳಿಯಿರಿ.

ಇನ್ನು ಕಾಗದಪತ್ರ. ಇದು ನನ್ನ ಕ್ಷೇತ್ರವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಳಗಿದ ಏಜೆಂಟ್ ಮನೆ ನೋಡುವ ಮೊದಲು ಫೈಲು ಕೇಳುತ್ತಾರೆ. ಅಂಥ ಒಬ್ಬರು ಊಟದ ಮೇಜಿನ ಮೇಲೆ ತಾಯಿಪತ್ರ (ಆಸ್ತಿಯ ಹಿಂದಿನ ಮೂಲ ಪತ್ರ), ಕ್ರಯಪತ್ರ, ಖಾತಾ (ಪಾಲಿಕೆಯ ಕಂದಾಯ ದಾಖಲೆ) ಮೂರನ್ನೂ ಪಕ್ಕಪಕ್ಕ ಹರಡಿಕೊಂಡು, ಬೆರಳಿಟ್ಟು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ, ಓದುತ್ತಿದ್ದುದನ್ನು ನಾನು ನೋಡಿದ್ದೇನೆ. ಉತ್ತರಕ್ಕೆ ಇರುವ ಸೈಟಿನ ನಂಬರು ಒಂದು ಪತ್ರದಲ್ಲಿ 214 ಅಂತ ಇತ್ತು, ಇನ್ನೊಂದರಲ್ಲಿ 241 ಅಂತ. ಟೈಪು ಮಾಡುವಾಗ ಆದ ತಪ್ಪು. ಆ ಮನೆಯವರು ಅಷ್ಟು ವರ್ಷ ಅದೇ ಮನೆಯಲ್ಲಿದ್ದರೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಸರಿಪಡಿಸಬೇಕಾದರೆ ತಿದ್ದುಪಡಿ ಪತ್ರ ಆಗಬೇಕು, ಅದಕ್ಕೆ ಅಂದು ಮಾರಿದವರ ಸಹಿ ಬೇಕು. ಅವರಿಗೆ ವಯಸ್ಸಾಗಿತ್ತು, ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದರು. ಜಾಹೀರಾತು ಹಾಕುವ ಮೊದಲೇ ಏಜೆಂಟ್ ಅವರನ್ನು ಹುಡುಕಿ, ಕರೆತಂದು, ತಿದ್ದುಪಡಿ ಮಾಡಿಸಿದರು. ಇದೇ ತಪ್ಪನ್ನು ಅಡ್ವಾನ್ಸ್ ಆಗಿ ಎರಡು ತಿಂಗಳ ಮೇಲೆ ಕೊಳ್ಳುವವರ ಬ್ಯಾಂಕಿನ ವಕೀಲರು ಹಿಡಿದಿದ್ದರೆ ಸಾಲ ನಿಲ್ಲುತ್ತಿತ್ತು, ಕರಾರಿನ ಗಡುವು ಮೀರುತ್ತಿತ್ತು, ಅಡ್ವಾನ್ಸ್ ವಾಪಸ್ ಕೊಡಿ ಅನ್ನುವ ಜಗಳ ಶುರುವಾಗುತ್ತಿತ್ತು.

ಇಂಥವು ಹಲವಿವೆ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹಂಚಿದ ಸೈಟಾದರೆ ಲೀಸ್ ಕಮ್ ಸೇಲ್ ಪತ್ರದ (ಮೊದಲು ಗೇಣಿಗೆ ಕೊಟ್ಟು, ಅವಧಿ ಮುಗಿದ ಮೇಲೆ ಕ್ರಯ ಮಾಡಿಕೊಡುವ ಕರಾರು) ಮೇಲೇ ನಿಂತಿದೆಯೋ, ಶುದ್ಧ ಕ್ರಯಪತ್ರ ಆಗಿದೆಯೋ ನೋಡಬೇಕು. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ, ನಾವು ಇಸಿ ಅನ್ನುತ್ತೇವಲ್ಲ, ಅದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತದೆ, ಹಿಂದಿನದಕ್ಕೆ ಕಚೇರಿಗೇ ಅಲೆಯಬೇಕು. 1990ರಲ್ಲಿ ತೆಗೆದ ಗೃಹಸಾಲ ತೀರಿ ಎಷ್ಟೋ ಕಾಲವಾಗಿದ್ದರೂ ಬ್ಯಾಂಕು ಬಿಡುಗಡೆ ಪತ್ರ ಮಾಡಿಕೊಟ್ಟಿರುವುದಿಲ್ಲ, ಇಸಿಯಲ್ಲಿ ಆ ಅಡಮಾನ ಹಾಗೇ ಕಾಣುತ್ತಿರುತ್ತದೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೇ ಇಲ್ಲ. ಅದಕ್ಕೆ ಆಧಾರ್, ಕಂದಾಯದ ಅರ್ಜಿ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ, ಮನೆಯ ಫೋಟೊ, ಕ್ರಯಪತ್ರದ ವಿವರ ಎಲ್ಲವೂ ಬೇಕು. ಕರೆಂಟ್ ಬಿಲ್ಲು ಇನ್ನೂ ಹಳೆ ಮಾಲೀಕರ ಹೆಸರಿನಲ್ಲಿ, ಕ್ರಯಪತ್ರದಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮೀದೇವಮ್ಮ, ಹೀಗೆಲ್ಲ ಇದ್ದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಏನು ಎಳೆಯುತ್ತದೆ, ಏನು ಬೇಗ ಆಗುತ್ತದೆ ಅನ್ನುವ ಅಂದಾಜು ಆ ಕಚೇರಿಗಳಿಗೆ ದಿನವೂ ಹೋಗುವವರಿಗೆ ಇರುತ್ತದೆ.

ಕಾಗದದ ಮಾತಿನಲ್ಲೇ ಮನೆಯೊಳಗಿನ ಮಾತೂ ಬರುತ್ತದೆ. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಉಯಿಲು ಬರೆಯದೆ ತೀರಿಕೊಂಡರು ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಪಾಲನ್ನು ಕರ್ನಾಟಕ 1994ರಲ್ಲೇ ಕಾನೂನಿಗೆ ತಂದಿತು, ಇಡೀ ದೇಶಕ್ಕೆ 2005ರಲ್ಲಿ ಬಂತು, 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಹೇಳಿತು. "ತಂಗಿಗೆ ಮದುವೇಲೇ ಎಲ್ಲಾ ಕೊಟ್ಟಿದೀವಿ" ಅನ್ನುವ ಮಾತು ಸಬ್‌ರಿಜಿಸ್ಟ್ರಾರ್ ಮುಂದೆ ನಡೆಯುವುದಿಲ್ಲ. ತಂಗಿಯ ಸಹಿ ಬೇಕು, ಇಲ್ಲವೇ ಅವರು ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಬೇಕು. ಇದನ್ನು ಅಣ್ಣನಾದವನು ತಾನೇ ಕೇಳಿದರೆ ಮನಸ್ಸು ಮುರಿಯುವ ಸಂಭವ ಹೆಚ್ಚು. ಹೊರಗಿನವರೊಬ್ಬರು ಬಂದು, "ಅಮ್ಮಾ, ನಿಮ್ಮ ಸಹಿ ಇಲ್ದೆ ಆಗಲ್ಲ, ನಿಮ್ಮ ಪಾಲಿನ ಚೆಕ್ಕು ಅದೇ ದಿನ ನಿಮ್ಮ ಹೆಸರಿಗೇ ಬರುತ್ತೆ" ಅಂತ ಹೇಳಿದಾಗ ಒಪ್ಪಿಕೊಂಡ ಅಕ್ಕತಂಗಿಯರನ್ನು ಕಂಡಿದ್ದೇನೆ. ಅವರ ಪಾಲು ಅವರಿಗೆ ನ್ಯಾಯವಾಗಿ ಸಲ್ಲಬೇಕು ಅನ್ನುವುದು ನನ್ನ ಗಟ್ಟಿ ನಿಲುವು. ಅದನ್ನು ಮುಂಚೆಯೇ ಹೇಳುವ ಏಜೆಂಟ್ ನಿಮಗೆ ಕೋರ್ಟು ತಪ್ಪಿಸುತ್ತಾರೆ.

ಚೌಕಾಸಿಯ ಮಾತಿಗೆ ಬರೋಣ. ಮಾಲೀಕರೇ ಚೌಕಾಸಿ ಮಾಡಬಾರದು ಅಂತ ನಾನು ಒತ್ತಿ ಹೇಳುತ್ತೇನೆ, ಅವರಿಗೆ ಬುದ್ಧಿ ಸಾಲದು ಅಂತಲ್ಲ. ಮನೆ ನೋಡಲು ಬಂದವರು ಅಡುಗೆಮನೆಯ ಕೆಂಪು ಗಾರೆ ನೆಲ ತೋರಿಸಿ, "ಇದೆಲ್ಲಾ ಒಡೆದುಹಾಕೋದೇ. ಬಿಲ್ಡಿಂಗಿಗೆ ನಾವು ಬೆಲೆ ಕಟ್ಟಲ್ಲ, ಜಾಗಕ್ಕೆ ಮಾತ್ರ" ಅನ್ನುತ್ತಾರೆ. ಹಳೆ ಬಡಾವಣೆಗಳಲ್ಲಿ ಅದು ವ್ಯವಹಾರದ ಸತ್ಯವೇ. ಆದರೆ ಕಾಫಿ ಲೋಟ ಹಿಡಿದು ನಿಂತ ಆ ಮನೆಯಾಕೆ ಆ ನೆಲವನ್ನು ದಿನವೂ ಒರೆಸಿ ಕನ್ನಡಿಯಂತೆ ಇಟ್ಟುಕೊಂಡವರು. ಅವರ ಮುಖ ನೋಡಿದ ಯಜಮಾನರು, "ನಿಮಗೆ ಮಾರೋದಿಲ್ಲ, ಹೋಗಿ ಸ್ವಾಮಿ" ಅಂದುಬಿಡುತ್ತಾರೆ. ಒಳ್ಳೆಯ ಬೆಲೆ ಕೊಡಬಹುದಾಗಿದ್ದವರು ಹೊರಟುಹೋಗುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಬಂದವರು ಒಳ್ಳೆಯವರಂತೆ ಕಂಡರೆ ನಾವು ಮನಸ್ಸು ಬಿಚ್ಚಿಬಿಡುತ್ತೇವೆ. "ಮಗ ಡಿಸೆಂಬರಿಗೆ ಬರ್ತಾನೆ, ಅಷ್ಟರೊಳಗೆ ಆಗ್ಬಿಟ್ರೆ ನೆಮ್ಮದಿ." ಆ ಒಂದು ಮಾತು ಸಾಕು, ನವೆಂಬರ್ ಕೊನೆಯ ತನಕ ಅವರು ಬೆಲೆ ಏರಿಸುವುದಿಲ್ಲ.

ಏಜೆಂಟರ ಬಳಿ ಇರುವ, ನಿಮ್ಮ ಬಳಿ ಇಲ್ಲದ ಒಂದು ಸಾಧನವೆಂದರೆ "ಯಜಮಾನ್ರನ್ನ ಕೇಳಿ ಹೇಳ್ತೀನಿ" ಅನ್ನುವ ಮಾತು. ಎದುರಿನವರು ಒಂದು ಅಂಕಿ ಹೇಳಿದ ತಕ್ಷಣ ಯಜಮಾನರು ಹೂಂ ಅಥವಾ ಉಹೂಂ ಅನ್ನಬೇಕಾಗುತ್ತದೆ. ಏಜೆಂಟ್ ಎರಡು ದಿನ ಸಮಯ ತೆಗೆದುಕೊಳ್ಳಬಹುದು, ಒಂದು ಅಂಕಿಯನ್ನು ತೇಲಿಬಿಟ್ಟು ನೋಡಬಹುದು, ನಿಮ್ಮ ಮಾತು ಕೆಡದಂತೆ ಹಿಂದಕ್ಕೂ ತೆಗೆದುಕೊಳ್ಳಬಹುದು. ನಾನು ಮೆಚ್ಚುವ ಏಜೆಂಟರಲ್ಲಿ ಒಬ್ಬರು ಮನೆ ತೋರಿಸುವ ದಿನ ರೇಟಿನ ಮಾತೇ ಎತ್ತಲು ಬಿಡುವುದಿಲ್ಲ. ಬೆಲೆಯ ಮಾತು ಅವರ ಆಫೀಸಿನಲ್ಲಿ, ಮಾಲೀಕರು ಅಲ್ಲಿರುವುದಿಲ್ಲ.

ಕೊಳ್ಳುವವರ ಶಕ್ತಿ ಅಳೆಯುವುದು ಇನ್ನೊಂದು ಕೆಲಸ. ಅದೇ 1 ಕೋಟಿ 80 ಲಕ್ಷದ ಮನೆ ತೆಗೆದುಕೊಳ್ಳಿ. 75 ಲಕ್ಷ ಮೀರಿದ ಗೃಹಸಾಲಕ್ಕೆ ಮನೆಯ ಬೆಲೆಯ ಶೇಕಡಾ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಅಂದರೆ 45 ಲಕ್ಷ ಅವರ ಕೈಯಿಂದಲೇ ಬರಬೇಕು. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಒಟ್ಟು ಶೇಕಡಾ 7.6, ಹತ್ತಿರ ಹತ್ತಿರ 13 ಲಕ್ಷ 70 ಸಾವಿರ. ಅದಕ್ಕೂ ಸಾಲ ಸಿಗುವುದಿಲ್ಲ. ಸುಮಾರು 59 ಲಕ್ಷ ಕೈಯಲ್ಲಿಲ್ಲದವರು ಎಷ್ಟೇ ಪ್ರೀತಿಯಿಂದ ಮನೆ ಮೆಚ್ಚಿದರೂ ನೋಂದಣಿಯ ದಿನ ಮುಟ್ಟುವುದಿಲ್ಲ. ಅಡ್ವಾನ್ಸಿಗೆ ಮುಂಚೆ ಇದನ್ನು ನಯವಾಗಿ ಕೇಳಿ ತಿಳಿಯುವುದು, ಬ್ಯಾಂಕಿನ ಮಂಜೂರಾತಿ ಪತ್ರ ನೋಡುವುದು ಏಜೆಂಟರಿಗೆ ಸಹಜ. ನಾವು ಕೇಳಿದರೆ ಎದುರಿನವರಿಗೆ ಅವಮಾನ, ನಮಗೆ ಸಂಕೋಚ.

ಇಬ್ಬರೇ ಹಿರಿಯರು ಇರುವ ಮನೆಗೆ ಅಪರಿಚಿತರು ಹೊತ್ತುಗೊತ್ತಿಲ್ಲದೆ ಬಾಗಿಲು ತಟ್ಟುವುದು ತಪ್ಪುತ್ತದೆ, ಅದೂ ದೊಡ್ಡ ಲಾಭವೇ. ಒಂದು ಎಚ್ಚರಿಕೆ: ಏಜೆಂಟರಿಗಾಗಲಿ ಗಿರಾಕಿಗಾಗಲಿ ಅಸಲು ಪತ್ರ ಕೊಡಬೇಡಿ. ನಕಲಿನ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಅಂತ ಅಡ್ಡಡ್ಡ ಬರೆದು ಕೊಡಿ.

ಎಲ್ಲ ಏಜೆಂಟರೂ ಹೀಗೇ ಇರುತ್ತಾರೆ ಅಂತ ಹೇಳಲಾರೆ. "ನಿಮ್ಮ ಕೈಗೆ ಇಷ್ಟು, ಮೇಲೆ ಬಂದದ್ದು ನಂದು" ಅನ್ನುವವರ ಹತ್ತಿರ ಹೋಗಲೇಬೇಡಿ. ಅವರು ನಿಮ್ಮ ಪರ ನಿಂತವರಲ್ಲ, ನಿಮ್ಮಿಂದ ಅಗ್ಗಕ್ಕೆ ಕೊಳ್ಳುತ್ತಿರುವವರು. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆಂಟರ ಬಗ್ಗೆ ಒಂದು ಅಧ್ಯಾಯವೇ ಇದೆ. ಏಜೆಂಟ್ ಲೆಕ್ಕ ಒಪ್ಪಿಸಬೇಕು, ನಿಮಗೆ ತಿಳಿಸದೆ ತನ್ನ ಲಾಭಕ್ಕೆ ವ್ಯವಹರಿಸಿದರೆ ಆ ಲಾಭ ಕೇಳುವ ಹಕ್ಕು ನಿಮ್ಮದು, ದುರ್ನಡತೆ ತೋರಿದ ಪಾಲಿಗೆ ಸಂಭಾವನೆ ಇಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಜಿಪಿಎ, ಅಂದರೆ ಎಲ್ಲಕ್ಕೂ ಅನ್ವಯಿಸುವ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಡಿ, ಓಡಾಟ ಸುಲಭ ಅಂತ ಯಾರಾದರೂ ಅಂದರೆ ಖಂಡಿತ ಬೇಡ ಅನ್ನಿ. ಕ್ರಯಪತ್ರದ ಬದಲು ಜಿಪಿಎ ಬರೆದುಕೊಟ್ಟು ಮಾಡಿದ ಮಾರಾಟದಿಂದ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ತೀರ್ಪು ಕೊಟ್ಟಿದೆ. ಅರ್ಧ ದುಡ್ಡು ನಗದಾಗಿ ತೆಗೆದುಕೊಳ್ಳಿ ಅನ್ನುವ ಗಿರಾಕಿಯನ್ನು ಕರೆತರುವವರೂ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ, ಅಂದರೆ ನಿಮ್ಮ ಮೇಲೆ.

ಹಾಗಾದರೆ ಆರಿಸುವುದು ಹೇಗೆ? 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಂತೆ, ನೋಂದಾಯಿತ ಯೋಜನೆಗಳಲ್ಲಿ ಮಾರಿಸುವ ಏಜೆಂಟರು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು. ನಿಮ್ಮ ಹಳೆಯ ಸ್ವಂತ ಮನೆಯ ಮಾರಾಟಕ್ಕೆ ಆ ಕಟ್ಟಳೆ ಅನ್ವಯಿಸುವುದಿಲ್ಲ. ಆದರೂ ಕರ್ನಾಟಕ ರೇರಾ ಜಾಲತಾಣದಲ್ಲಿ ಹೆಸರಿರುವವರನ್ನೇ ಹಿಡಿಯಿರಿ, ನಾಳೆ ಹುಡುಕಲು ಒಂದು ವಿಳಾಸವಾದರೂ ಇರುತ್ತದೆ. ನಿಮ್ಮ ಬಡಾವಣೆಯಲ್ಲೇ ಅವರು ಮಾರಿಸಿದ ಮನೆಯವರನ್ನು ಭೇಟಿ ಮಾಡಿ ಕೇಳಿ. ಫೈಲು ನೋಡದೆ ಬೆಲೆ ಹೇಳಿದವರನ್ನು ಬಿಟ್ಟುಬಿಡಿ.

ಸಿಕ್ಕಮೇಲೆ ಒಬ್ಬರಿಗೇ ಕೊಡಿ. ಹತ್ತು ಜನರಿಗೆ ಹೇಳಿದರೆ ಬೇಗ ಆಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹತ್ತೂ ಜನ ಹತ್ತು ವಾಟ್ಸ್ಆ್ಯಪ್ ಗುಂಪಿಗೆ ಹತ್ತು ಬೆಲೆ ಹಾಕುತ್ತಾರೆ. ಕೊಳ್ಳುವವರು ಅದರಲ್ಲಿ ಕಡಿಮೆಯದ್ದನ್ನು ಹಿಡಿದು ಅಲ್ಲಿಂದ ಇಳಿಸುತ್ತಾರೆ. ಒಬ್ಬರಿಗೇ ಮೂರು ತಿಂಗಳು ಕೊಟ್ಟರೆ ಅವರು ಮನೆ ತೊಳೆಸಿ, ಒಳ್ಳೆಯ ಫೋಟೊ ತೆಗೆಸಿ, ಇಸಿ ತೆಗೆಸುವ ಖರ್ಚನ್ನೂ ಕೈಯಿಂದ ಹಾಕುತ್ತಾರೆ, ಉಳಿದ ಏಜೆಂಟರ ಗಿರಾಕಿಗಳನ್ನೂ ಅವರೇ ಕರೆಸಿಕೊಳ್ಳುತ್ತಾರೆ. ಕಮಿಷನ್ ಎಷ್ಟು, ಯಾವಾಗ, ಜಿಎಸ್‌ಟಿ ಒಳಗೋ ಹೊರಗೋ, ಅವಧಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಬಾಯಿಮಾತಿನ ಕಮಿಷನ್ ನೋಂದಣಿಯ ದಿನ ಜಗಳವಾಗುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

ಸಭಿಕರ ಪ್ರಶ್ನೆಗಳು

"ಮನೆ ನನ್ನ ಮತ್ತು ಅಮೆರಿಕದಲ್ಲಿರುವ ಮಗನ ಜಂಟಿ ಹೆಸರಿನಲ್ಲಿದೆ. ಅವನು ಬರೋಕಾಗಲ್ಲ. ಏನು ಮಾಡಬೇಕು?"

ಅಮ್ಮಾ, ಮೊದಲ ದಿನವೇ ಈ ವಿಷಯ ಏಜೆಂಟರಿಗೆ ಹೇಳಿಬಿಡಿ. ಮಗ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ನಿಮ್ಮ ಹೆಸರಿಗೆ, ಈ ಒಂದು ಮನೆಗೆ ಮಾತ್ರ ಸೀಮಿತವಾದ ಅಧಿಕಾರ ಪತ್ರ ಮಾಡಿಸಿ ಕಳಿಸಲಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಮುಖ್ಯವಾದದ್ದು ತೆರಿಗೆ. 50 ಲಕ್ಷ ಅಥವಾ ಹೆಚ್ಚಿನ ಮಾರಾಟದಲ್ಲಿ ಕೊಳ್ಳುವವರು ನಿಮ್ಮ ಪಾಲಿನಿಂದ ಶೇಕಡಾ 1 ಹಿಡಿದು ಕಟ್ಟುತ್ತಾರೆ. ಮಗ ಅನಿವಾಸಿಯಾದ್ದರಿಂದ ಅವರ ಪಾಲಿಗೆ ಈ ಶೇಕಡಾ 1 ನಡೆಯುವುದಿಲ್ಲ, ಬಂಡವಾಳ ಲಾಭದ ದರದಲ್ಲಿ, ಬಹಳ ಹೆಚ್ಚು ಹಿಡಿಯಬೇಕಾಗುತ್ತದೆ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಕರಾರಿಗೆ ಸಹಿ ಹಾಕುವ ಮುಂಚೆಯೇ ಆಡಿಟರನ್ನು ಕಾಣಿ. ಅನಿವಾಸಿ ಮಾರಾಟ ಮಾಡಿಸಿ ಗೊತ್ತಿರುವ ಏಜೆಂಟ್ ಗಿರಾಕಿಗೂ ಇದನ್ನು ಮೊದಲೇ ತಿಳಿಸಿರುತ್ತಾರೆ. ಗೊತ್ತಿಲ್ಲದವರಾದರೆ ನೋಂದಣಿಯ ಹಿಂದಿನ ದಿನ ಈ ಮಾತು ಬಂದು ವ್ಯಾಪಾರ ಮುರಿಯುತ್ತದೆ.

"ಏಜೆಂಟ್ ಎರಡೂ ಕಡೆ ಕಮಿಷನ್ ತಗೋತಾರಲ್ಲ, ಅದು ಸರಿಯೇ? ದುಡ್ಡು ಯಾವಾಗ ಕೊಡಬೇಕು?"

ಬೆಂಗಳೂರಿನಲ್ಲಿ ಎರಡೂ ಕಡೆ ಶೇಕಡಾ 1, 2 ಅಂತ ತೆಗೆದುಕೊಳ್ಳುವ ರೂಢಿ ಇದೆ. ಎರಡೂ ಕಡೆಯವರಿಗೆ ಗೊತ್ತಿದ್ದು, ಒಪ್ಪಿದ್ದರೆ ತಪ್ಪಲ್ಲ. ಆದರೆ ಬೆಲೆ ವಿಷಯದಲ್ಲಿ ತಾನು ಯಾರ ಪರ ಅಂತ ಅವರು ನಿಮ್ಮ ಹಾಳೆಯಲ್ಲಿ ಬರೆದುಕೊಡಬೇಕು. ನನ್ನನ್ನು ಕೇಳಿದರೆ, ಕೊಳ್ಳುವವರ ಕಡೆ ಬೇರೆ ಏಜೆಂಟ್ ಇರುವುದೇ ಚೆನ್ನ. ದುಡ್ಡಿನ ವಿಷಯ ಹೇಳುವುದಾದರೆ, ಬೇರೆ ಮಾತಾಗಿಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಮುಗಿದ ಮೇಲೆಯೇ ಏಜೆಂಟರ ಸಂಭಾವನೆ ಬಾಕಿ ಅನ್ನಿಸಿಕೊಳ್ಳುತ್ತದೆ ಅಂತ ಅದೇ ಕರಾರು ಕಾಯ್ದೆ ಹೇಳುತ್ತದೆ. ಅಡ್ವಾನ್ಸ್ ದಿನ ಪೂರ್ತಿ ಕೊಡಬೇಡಿ. ಕ್ರಯಪತ್ರ ನೋಂದಣಿಯಾಗಿ, ಕೊನೆಯ ಕಂತು ನಿಮ್ಮ ಬ್ಯಾಂಕಿಗೆ ಜಮಾ ಆದ ದಿನ, ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ, ಬಿಲ್ಲು ಪಡೆಯಿರಿ. ಮಾರಾಟಕ್ಕಾಗಿಯೇ ಮಾಡಿದ ಖರ್ಚಾದ್ದರಿಂದ ಬಂಡವಾಳ ಲಾಭದ ಲೆಕ್ಕ ಹಾಕುವಾಗ ಆ ಕಮಿಷನ್ ಮಾರಾಟದ ಮೊತ್ತದಿಂದ ಕಳೆಯುತ್ತಾರೆ. ಆ ಬಿಲ್ಲನ್ನು ಆಡಿಟರಿಗೆ ಕೊಡಲು ಮರೆಯಬೇಡಿ.